ಬಾಯಿ ಕಟ್ಟಿದ ಗಂಟೆ

ಸ್ತಾರಾ ಕೋಸಾ, ಪೋಲೆಂಡ್
9 ಮಾರ್ಚ್ 1993

ಪ್ರೀತಿಯ ಅಕ್ಕ,

ನಿಂತಿದ್ದರೆ ಮೊದಲು ಕೂತುಕೋ. ಮೀನಿನ ಕಾರ್ಖಾನೆ ನನ್ನದಾಯಿತು! ಅದೇ, ಅಮ್ಮ ಹೆರಿಂಗ್ ಮೀನು ಸೀಳಿ ಸೀಳಿ ಬೆರಳು ಸೊಟ್ಟ ಮಾಡಿಕೊಂಡಳಲ್ಲ, ಆ ಸರ್ಕಾರಿ ಕಾರ್ಖಾನೆ. ಸರ್ಕಾರ ಕೈ ಕೊಡವಿಕೊಂಡಿತು, ನಾನು ಕೈ ಚಾಚಿದೆ. ಊರಿನವರಿಗೆ ಇನ್ನೂ ನಂಬಿಕೆ ಬಂದಿಲ್ಲ. ಬರ್ಲಿನ್ನಿನ ಸಂತೆಯಲ್ಲಿ ಹೊಗೆಮೀನು ಮಾರಿ ಜೀನ್ಸ್ ಪ್ಯಾಂಟು ತರುತ್ತಿದ್ದ ಎದೆಕ್, ಹಳೇ ಫಿಯಟ್ಟಿನ ಡಿಕ್ಕಿಯಲ್ಲೇ ಅಂಗಡಿ ಇಟ್ಟಿದ್ದ ಎದೆಕ್, ಈಗ ಮಾಲೀಕ!

ನಿನ್ನೆ ಗೇಟಿನ ಮುಂದೆ ಹೆಂಗಸರೆಲ್ಲ ಸೇರಿದ್ದರು. ಮೀನಿನ ಪೆಟ್ಟಿಗೆ ಹತ್ತಿ ನಿಂತು ಮಾತಾಡಿದೆ. "ಒಬ್ಬರನ್ನೂ ಮನೆಗೆ ಕಳಿಸಲ್ಲ. ಇದು ಎದ್ವಿನ್ ಫೋರ್ಮೆಲಾನ ಮಾತು" ಅಂದೆ. ರೆಗೀನಾ ನೆನಪಿದ್ದಾಳಾ, ನಿನ್ನ ಜೊತೆ ಶಾಲೆಗೆ ಬರುತ್ತಿದ್ದವಳು? ಈಗ ಮೀನು ಸೀಳುವ ಸಾಲಿಗೆ ಅವಳೇ ಯಜಮಾನಿ. ಹಿಂದಿನಿಂದ ಕೂಗಿದಳು: "ಏಯ್ ಎದೆಕ್! ನಿಮ್ಮಪ್ಪ ಬಲೆ ಹೆಣೀತಿದ್ದ, ಪಾಪದವನು. ಆ ಬಲೇಲಿ ನೀನು ನಮ್ಮನ್ನೇ ಹಿಡೀಬೇಡ ಮಾರಾಯ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಗುವ ಜನ ಕಲ್ಲು ಎಸೆಯಲ್ಲ ಅಕ್ಕ, ಅದು ನಾನು ಸಂತೆಯಲ್ಲಿ ಕಲಿತದ್ದು.

ನಗದೇ ಇದ್ದವನು ಒಬ್ಬನೇ, ಶೀತಲಗೃಹದ ಮೆಕ್ಯಾನಿಕ್ ಫೆಲಿಕ್ಸ್ ಹಿಂತ್ಸಾ. ಶಾಲೆಯಲ್ಲಿ ನನ್ನ ಬೆಂಚಿನವನು. "ಯಂತ್ರ ಎಲ್ಲಾ ಮುದಿಯಾಗಿವೆ ಕಣೋ, ಮೊದ್ಲು ಅದನ್ನ ನೋಡು" ಅಂದ. ನೋಡೋಣ. ಮೊದಲು ಹೊರಗೋಡೆಗೆ ಬಣ್ಣ ಹೊಡೆಸುತ್ತೇನೆ. ಹಡಗಿನಲ್ಲಿ ಬರುವವರಿಗೆ ದೂರದಿಂದಲೇ 'ಫೋರ್ಮೆಲಾ' ಅಂತ ಕಾಣಬೇಕು.

ನೀನು ಸನ್ಯಾಸಿನಿಯಾಗಿ ಆಫ್ರಿಕದ ಹಡಗು ಹತ್ತಿದಾಗ ಅಪ್ಪ ಹೇಳಿದ್ದ, ಈ ಮನೆಯಲ್ಲಿ ಹೆಸರು ಮಾಡುವವಳು ಅವಳೇ ಅಂತ. ಈಗ ಅವನು ಇರಬೇಕಿತ್ತು.

ನಿನ್ನ
ಎದೆಕ್

*

ಚಿಸೆಂಗೆ ಮಿಷನ್ ಆಸ್ಪತ್ರೆ, ಜಾಂಬಿಯಾ
2 ಮೇ 1993

ಎದೆಕ್,

ಪತ್ರ ತಲುಪಿತು. ಹೆರಿಗೆ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಕೂರಲು ಪುರುಸೊತ್ತು ಇರಲಿಲ್ಲ.

ಸಂತೋಷ. ಒಬ್ಬರನ್ನೂ ಮನೆಗೆ ಕಳಿಸುವುದಿಲ್ಲ ಎಂದೆಯಲ್ಲ, ಅದು ಎಲ್ಲಕ್ಕಿಂತ ಸಂತೋಷ. ಮಾತು ಕೊಡುವುದು ನಿನಗೆ ಎಂದೂ ಕಷ್ಟವಾಗಿಲ್ಲ. ಇದನ್ನು ಉಳಿಸಿಕೋ. ಫೆಲಿಕ್ಸ್ ಹೇಳಿದ್ದನ್ನೂ ಕಿವಿಗೆ ಹಾಕಿಕೋ. ಬಣ್ಣ ಆಮೇಲೆ ಹೊಡೆಸಬಹುದು.

ಇಲ್ಲಿ ಮಳೆ ನಿಂತಿದೆ, ಸೊಳ್ಳೆ ನಿಂತಿಲ್ಲ. ನಾನು ಚೆನ್ನಾಗಿದ್ದೇನೆ. ರೆಗೀನಾಗೆ ನನ್ನ ನೆನಪು ತಿಳಿಸು. ಇಲೋನಾಗೆ ಮುತ್ತು. ಗಂಡ ಮಾಲೀಕನಾದದ್ದು ಅವಳಿಗೆ ಹೇಗನಿಸಿದೆ? ನೀನು ಬರೆಯಲೇ ಇಲ್ಲ.

ಬ್ರಿಗಿದಾ

*

ಸ್ತಾರಾ ಕೋಸಾ
14 ಸೆಪ್ಟೆಂಬರ್ 1996

ಪ್ರೀತಿಯ ಅಕ್ಕ,

ತಪ್ಪು ತಿಳಿಯಬೇಡ, ಬರೆಯಲು ಆಗಲೇ ಇಲ್ಲ. ಊಟಕ್ಕೆ ಹೊತ್ತಿಲ್ಲ, ನಿದ್ದೆಗೆ ಹೊತ್ತಿಲ್ಲ, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನಮ್ಮ ಡಬ್ಬಿ ಹೆರಿಂಗ್ ಈಗ ವಾರ್ಸಾದಲ್ಲೂ ಸಿಗುತ್ತದೆ. ಡಬ್ಬಿಯ ಮೇಲೆ ನನ್ನದೇ ಮುಖ! ಮೀನಿಗಿಂತ ಇವನೇ ಹೆಚ್ಚು ಉಪ್ಪುಪ್ಪಾಗಿದ್ದಾನೆ ಅಂತ ಒಂದು ಪತ್ರಿಕೆ ಬರೆಯಿತು. ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸಿದ್ದೇನೆ.

ಬೈಯುವವರೂ ಇದ್ದಾರೆ. ಕಾರ್ಮಿಕ ಸಂಘದ ಕೆಲವರನ್ನು ಬಿಡಬೇಕಾಯಿತು. ಕಳಿಸಿದ್ದಲ್ಲ, ಅವರೇ ಹೋದರು ಅನ್ನು. ಅದಕ್ಕೇ "ಕರಾವಳಿಯ ರಾಜ" ಅಂತ ಹಂಗಿಸುತ್ತಾರೆ. ಹಂಗಿಸಲಿ. ಭಾನುವಾರ ಚರ್ಚಿನಿಂದ ಹೊರಗೆ ಬಂದರೆ ಅದೇ ಜನ ಕೈ ಕುಲುಕಲು ಸಾಲು ನಿಲ್ಲುತ್ತಾರೆ. ಒಬ್ಬಳ ಮಗನಿಗೆ ಕೆಲಸ, ಇನ್ನೊಬ್ಬನ ಮನೆಗೆ ಕಲ್ಲಿದ್ದಲು. ಎಲ್ಲರಿಗೂ ಕೊಟ್ಟೆ. ಆಗಲೇ ಹೊಳೆಯಿತು: ಇಷ್ಟು ಜನ ನನ್ನ ಹತ್ತಿರ ಬರುತ್ತಾರೆ ಅಂದರೆ ಸರ್ಕಾರ ಅಂತ ಒಂದು ಇರುವುದು ಯಾಕೆ? ಆ ಜಾಗಕ್ಕೆ ನಾನೇ ಹೋದರೆ? ಮುಂದಿನ ವರ್ಷ ಚುನಾವಣೆ. ನನ್ನದೇ ಪಕ್ಷ, ಹೆಸರು "ಕರಾವಳಿ ನ್ಯಾಯ". ಹೇಗಿದೆ?

ನಿನ್ನ ಆಸ್ಪತ್ರೆಗೆ ಹೆರಿಂಗ್ ಡಬ್ಬಿಗಳನ್ನು ಕಳಿಸಿದ್ದೇನೆ, ಗ್ದಿನ್ಯಾ ಬಂದರಿನಿಂದ ಹಡಗು ಹೊರಟಿದೆ. ಮಕ್ಕಳು ತಿನ್ನುವಾಗ ಒಂದು ಫೋಟೊ ತೆಗೆಸು. ಜೊತೆಗೆ ನನ್ನ ಬಗ್ಗೆ ನಾಲ್ಕು ಸಾಲು ಬರೆ. ಸುಮ್ಮನೆ, ಮನೆಯಲ್ಲಿ ಇಟ್ಟುಕೊಳ್ಳಲು.

ಇಲೋನಾ ಗಾಳಿ ಬದಲಾವಣೆಗೆಂದು ತವರಿಗೆ ಹೋಗಿದ್ದಾಳೆ. ಅಕ್ಕ ನಿನ್ನನ್ನು ಕೇಳಿದಳು ಅಂತ ಅವಳಿಗೆ ಹೇಳಿದೆ.

ಎದೆಕ್

*

ಚಿಸೆಂಗೆ
20 ನವೆಂಬರ್ 1996

ಎದೆಕ್,

ಡಬ್ಬಿಗಳು ಬಂದವು. ಮಕ್ಕಳಿಗೆ ಹುಳಿ ಹೆರಿಂಗ್ ಸೇರಲಿಲ್ಲ. ಒಬ್ಬಳು ಬಾಯಿಗಿಟ್ಟು, "ಸಿಸ್ಟರ್, ಇದು ಕೆಟ್ಟುಹೋಗಿದೆ, ನೀವು ತಿನ್ನಬೇಡಿ" ಅಂತ ನನ್ನ ಕೈಯಿಂದಲೂ ಕಿತ್ತುಕೊಂಡಳು. ಈರುಳ್ಳಿ ಹಾಕಿಕೊಂಡು ನಾನೊಬ್ಬಳೇ ತಿನ್ನುತ್ತಿದ್ದೇನೆ. ಖಾಲಿ ಡಬ್ಬಿಗಳಿಗೆ ಗಾಲಿ ಕಟ್ಟಿ ಮಕ್ಕಳು ಮೋಟಾರು ಮಾಡಿದ್ದಾರೆ. ನಿನ್ನ ಮುಖ ಇಡೀ ಅಂಗಳದಲ್ಲಿ ಓಡಾಡುತ್ತಿದೆ. ಆ ಫೋಟೊ ಇಟ್ಟಿದ್ದೇನೆ.

ನಾಲ್ಕು ಸಾಲು ಕೇಳಿದ್ದೀಯ. ಬರೆಯುತ್ತೇನೆ. ನನ್ನ ತಮ್ಮ ಹಸಿದವರನ್ನು ಕಂಡರೆ ತನ್ನ ತಟ್ಟೆಯನ್ನೇ ಎತ್ತಿಕೊಡುವವನು, ಆಮೇಲೆ ಅದನ್ನು ಊರಿಗೆಲ್ಲ ಡಂಗುರ ಸಾರುವವನು. ಕೊಡುವ ಕೈ ನಿಜ, ಸಾರುವ ಬಾಯಿಯೂ ನಿಜ. ಅವನಲ್ಲಿ ಎರಡನ್ನೂ ಬೇರೆ ಮಾಡಲು ನಮ್ಮಮ್ಮನಿಗೇ ಆಗಲಿಲ್ಲ.

ಸಾಕೇ? ಮನೆಯಲ್ಲಿ ಇಟ್ಟುಕೋ.

ಸಂಘದವರು ತಾವಾಗಿ ಹೋದರೇ? ಇಲೋನಾಳ ಗಾಳಿ ಬದಲಾವಣೆ ಎಷ್ಟು ದಿನದ್ದು? ನೀನು ಗೆದ್ದರೆ ಒಳ್ಳೆಯದೋ ಸೋತರೆ ಒಳ್ಳೆಯದೋ ನನಗೆ ತಿಳಿಯದು. ಎರಡಕ್ಕೂ ಪ್ರಾರ್ಥಿಸುತ್ತಿದ್ದೇನೆ.

ಬ್ರಿಗಿದಾ

*

ಸ್ತಾರಾ ಕೋಸಾ
28 ಸೆಪ್ಟೆಂಬರ್ 1997

ಅಕ್ಕಾ,

ನಿನ್ನ ತಮ್ಮ ಸೆನೆಟರ್!

ಗಂಟಲು ಕಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ, ಮಾತಾಡಲು ಧ್ವನಿ ಇಲ್ಲ. ದೋಣಿಗೆ ಧ್ವನಿವರ್ಧಕ ಕಟ್ಟಿ ಹಳ್ಳಿ ಹಳ್ಳಿಯ ದಡಕ್ಕೂ ಹೋದೆ. ಇಳಿದಲ್ಲೆಲ್ಲ ದೊಡ್ಡ ಹಂಡೆಯಲ್ಲಿ ಬಟಾಣಿ ಸಾರು, ಬ್ರೆಡ್ಡು. ಎದುರಾಳಿ ಒಬ್ಬ ಪ್ರೊಫೆಸರ್. ಸಭೆಯಲ್ಲಿ ಅವನು "ಫೋರ್ಮೆಲಾ ಅವರಿಗೆ ಸಂವಿಧಾನ ಗೊತ್ತೇ?" ಅಂತ ಕೇಳಿದ. ನಾನು ಎದ್ದು ನಿಂತು, "ಗೊತ್ತಿಲ್ಲ ಸ್ವಾಮಿ. ನಿಮ್ಗೆ ಹೆರಿಂಗ್ ಗೊತ್ತಾ? ಈ ಜನ ಬೆಳಿಗ್ಗೆ ತಿನ್ನೋದು ಯಾವ್ದನ್ನ?" ಅಂದೆ. ಟೋಪಿ ಎಲ್ಲಾ ಗಾಳಿಗೆ ಹಾರಿದವು. ಅಲ್ಲಿಗೆ ಪ್ರೊಫೆಸರ್ ಕಥೆ ಮುಗಿಯಿತು.

ನಿನ್ನ ಆಶೀರ್ವಾದ ಬಹಳ ಕೆಲಸ ಮಾಡಿತು, ನೀನು ಊಹಿಸಿರುವುದಕ್ಕಿಂತ ಹೆಚ್ಚು. ಎದುರು ಸಿಕ್ಕಾಗ ಹೇಳುತ್ತೇನೆ.

ಮನೆ ದೊಡ್ಡದಾಯಿತು ಅನಿಸುತ್ತದೆ. ಈ ಗದ್ದಲ ಕಿವಿಯಲ್ಲಿ ಇರುವ ತನಕ ಪರವಾಗಿಲ್ಲ.

ನಿನ್ನ ಎದೆಕ್ (ಸೆನೆಟರ್!)

*

ಚಿಸೆಂಗೆ
11 ಜನವರಿ 1998

ಎದೆಕ್,

ಗ್ದಾನ್ಸ್ಕ್‌ನಿಂದ ಪಾದ್ರಿ ಒಬ್ಬರು ಬಂದಿದ್ದರು. ಗಸಗಸೆ ರೊಟ್ಟಿ ತಂದಿದ್ದರು, ನಿನ್ನ ಚುನಾವಣೆಯ ಪೋಸ್ಟರನ್ನೂ ತಂದಿದ್ದರು, ನನಗೆ ಹೆಮ್ಮೆಯಾಗಲಿ ಎಂದು. ನೋಡಿದೆ. ಅಕ್ಷರ ದೊಡ್ಡದಾಗಿತ್ತು.

ಬ್ರಿಗಿದಾ

*

ವಾರ್ಸಾ
3 ಮಾರ್ಚ್ 1998

ಅಕ್ಕ,

ಹಾಗಾದರೆ ನೋಡಿಬಿಟ್ಟೆ! ನಾನೇ ತೋರಿಸಬೇಕೆಂದಿದ್ದೆ. ಅಕ್ಷರ ಎದ್ದು ಕಾಣುತ್ತಿತ್ತು, ಅಲ್ಲವಾ? "ನನ್ನ ತಮ್ಮ ಹಸಿದವರನ್ನು ಕಂಡರೆ ತನ್ನ ತಟ್ಟೆಯನ್ನೇ ಎತ್ತಿಕೊಡುವವನು: ಸಿಸ್ಟರ್ ಬ್ರಿಗಿದಾ, ಆಫ್ರಿಕ." ಕೆಳಗೆ ಡಬ್ಬಿ ಹಿಡಿದ ಮಕ್ಕಳು. ಹಳ್ಳಿಯ ಮುದುಕಿಯರು ಅದನ್ನು ದೇವರ ಪಟದ ಪಕ್ಕ ಅಂಟಿಸಿಕೊಂಡಿದ್ದಾರೆ. ಜಾಗ ಸಾಲದೆ ವಾಕ್ಯ ಸ್ವಲ್ಪ ಚಿಕ್ಕದು ಮಾಡಬೇಕಾಯಿತು.

ನೀನು ಕೋಪಿಸಿಕೊಳ್ಳಬಹುದು ಅಂತ ಇಲೋನಾ ಹೆದರಿಸಿದ್ದಳು. ಇಲ್ಲ ಅಂತ ತಿಳಿದು ಹಗುರಾಯಿತು. (ಅವಳು ಫೋನ್ ಮಾಡಿದ್ದಳು. ವಕೀಲರ ವಿಷಯಕ್ಕೆ. ಬಿಡು.)

ಎದೆಕ್

*

ಸ್ತಾರಾ ಕೋಸಾ
6 ಜೂನ್ 1999

ಪ್ರೀತಿಯ ಅಕ್ಕ,

ವರ್ಷ ಕಳೆಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವರು ಎಲ್ಲಿ ಕಳೆಯುತ್ತಾರೋ.

ಪಾದ್ರಿಗಳು ಬಂದು ಏನೇನೋ ಹೇಳುವ ಮೊದಲು ನಾನೇ ಹೇಳುತ್ತೇನೆ. ಕಾರ್ಖಾನೆಯಲ್ಲಿ ಸಣ್ಣ ಅವಘಡ ಆಯಿತು. ಹೊಸ ಪ್ಯಾಕಿಂಗ್ ಸಾಲನ್ನು ಚಿತ್ರಿಸಲು ಟೆಲಿವಿಷನ್‌ನವರು ಬಂದಿದ್ದ ದಿನವೇ ಆಗಬೇಕೇ! ಅವರು ಇನ್ನೂ ಕಾಫಿ ಕುಡಿಯುತ್ತಿದ್ದರು, ಶೀತಲಗೃಹದ ಕೊಳವೆ ಒಡೆದು ಅಮೋನಿಯಾ ಹೊರಗೆ ಬಂತು. ಒಬ್ಬಿಬ್ಬರು ಆಸ್ಪತ್ರೆಯಲ್ಲಿದ್ದಾರೆ. ಒಳ್ಳೆಯ ಡಾಕ್ಟರು, ಖರ್ಚೆಲ್ಲ ನನ್ನದು.

ತಪ್ಪು ಫೆಲಿಕ್ಸ್ ಹಿಂತ್ಸಾನದು. ಅನಿಲ ಸೋರಿದರೆ ಹೊಡೆದುಕೊಳ್ಳುವ ಎಚ್ಚರಿಕೆ ಗಂಟೆ ಅವನ ಜವಾಬ್ದಾರಿ, ಅದು ಹೊಡೆಯಲಿಲ್ಲ. ಹಿಂದಿನ ದಿನ ಅವನ ಹೆಸರಿನ ಸಂತರ ಹಬ್ಬ, ವೋಡ್ಕಾ ಏರಿಸಿದ್ದ ಅಂತ ನಾಲ್ಕು ಜನ ಹೇಳುತ್ತಾರೆ. ಪೊಲೀಸರು ಕರೆದೊಯ್ದರು. ನನಗೂ ಸಂಕಟವೇ, ಒಂದೇ ಬೆಂಚಿನವರು. ಆದರೆ ಕಾನೂನು ಕಾನೂನು.

ಪತ್ರಿಕೆಯವರು ರಣಹದ್ದಿನ ಹಾಗೆ ಸುತ್ತುತ್ತಿದ್ದಾರೆ. ನೀನು ಎರಡು ಸಾಲು ಧೈರ್ಯ ಬರೆ.

ಎದೆಕ್

*

ಚಿಸೆಂಗೆ
1 ಆಗಸ್ಟ್ 1999

ಎದೆಕ್,

ಆಸ್ಪತ್ರೆಯಲ್ಲಿರುವ ಒಬ್ಬಿಬ್ಬರ ಹೆಸರೇನು?

ನಾನು ನರ್ಸ್. ಅಮೋನಿಯಾ ಕಣ್ಣಿಗೆ ಏನು ಮಾಡುತ್ತದೆ ಎಂದು ನನಗೆ ನೀನು ಹೇಳಬೇಕಾಗಿಲ್ಲ. ಅವರ ಕಣ್ಣು ಹೇಗಿದೆ?

ಗಂಟೆ ಯಾಕೆ ಹೊಡೆಯಲಿಲ್ಲ? ಫೆಲಿಕ್ಸ್ ಕುಡಿದಿದ್ದನೋ ಇಲ್ಲವೋ ಎಂದು ನಾನು ಕೇಳುತ್ತಿಲ್ಲ. ಗಂಟೆಯಂತೂ ಕುಡಿದಿರಲಿಲ್ಲವಲ್ಲ.

ಬೇರೆ ಸುದ್ದಿ ಬೇಡ, ಇದಕ್ಕೆ ಉತ್ತರ ಬರೆ.

ಬ್ರಿಗಿದಾ

*

ವಾರ್ಸಾ
25 ನವೆಂಬರ್ 1999

ಪ್ರೀತಿಯ ಅಕ್ಕ,

ಗೆದ್ದೆ! ಸರ್ಕಾರಿ ವಕೀಲರು ನನ್ನನ್ನೂ ಆರೋಪಿ ಮಾಡಲು ಹೊರಟಿದ್ದರು. ಆದರೆ ಸೆನೆಟರ್ ಮೇಲೆ ಮೊಕದ್ದಮೆ ಹೂಡಬೇಕಾದರೆ ಸೆನೆಟ್ ಒಪ್ಪಬೇಕು, ಇಲ್ಲವೇ ನಾನೇ ನನ್ನ ರಕ್ಷಣೆ ಬಿಟ್ಟುಕೊಡಬೇಕು. ಮತಕ್ಕೆ ಹಾಕಿದರು. ಒಪ್ಪಿಗೆ ಸಿಗಲಿಲ್ಲ! ನನ್ನನ್ನು ಎದುರಿಗೆ ಕಂಡರೆ ಮುಖ ತಿರುಗಿಸುವವರೇ ನನ್ನ ಪರ ಕೈ ಎತ್ತಿದರು. ಇವತ್ತು ನನಗಾದದ್ದು ನಾಳೆ ತಮಗೆ ಅಂತ ಗೊತ್ತಿದೆಯಲ್ಲ. ಸಂಜೆ ಎಲ್ಲರಿಗೂ ಬಾತುಕೋಳಿ ಊಟ ಹಾಕಿಸಿದೆ.

ಈಗ ನಿನಗೆ ಒಂದು ಶುಭ ಸುದ್ದಿ. ಆಸ್ಪತ್ರೆಗೆ ಜೀಪ್ ಕಳಿಸುತ್ತಿದ್ದೇನೆ, ಹೊಸದು, ಬಿಳಿ ಬಣ್ಣ. ಹೆಸರು ಬರೆಸಿಲ್ಲ ನೋಡು, ನಿನಗೆ ಇಷ್ಟವಾಗಲ್ಲ ಅಂತ.

ಕ್ರಿಸ್ಮಸ್ಸಿಗೆ ಒಬ್ಬನೇ. ಕಾರ್ಪ್ ಮೀನು ತಂದಿಟ್ಟುಕೊಂಡರೂ ಕರಿಯುವವರಿಲ್ಲ.

ಎದೆಕ್

*

ಸ್ತಾರಾ ಕೋಸಾ
20 ಫೆಬ್ರವರಿ 2000

ಅಕ್ಕ,

ಜೀಪ್ ಬಂತಾ? ಬಂದಿದ್ದರೆ ಒಂದು ಸಾಲು ಹಾಕು.

ಎದೆಕ್

*

ಸ್ತಾರಾ ಕೋಸಾ
9 ಏಪ್ರಿಲ್ 2000

ಅಕ್ಕ,

ನಿನ್ನ ಆಸ್ಪತ್ರೆಗೆ ಫೋನ್ ಮಾಡಿಸಿದೆ. ಯಾರೋ ಎತ್ತಿಕೊಂಡು "ಸಿಸ್ಟರ್ ಇಲ್ಲಿಲ್ಲ" ಅಂದು ಇಟ್ಟರು. ಇಲ್ಲಿಲ್ಲ ಅಂದರೆ? ಹಳ್ಳಿಗೆ ಹೋಗಿದ್ದೀಯಾ? ನನ್ನ ಮೇಲೆ ಸಿಟ್ಟಾ? ಸಿಟ್ಟಾದರೆ ಬೈದು ಬರೆ. ಬೈಸಿಕೊಂಡು ಅಭ್ಯಾಸ ಇದೆ. ಸುಮ್ಮನಿರುವವರನ್ನು ಏನು ಮಾಡಬೇಕು ಅಂತ ಮಾತ್ರ ನನಗೆ ತಿಳಿಯಲ್ಲ.

ಮುಂದಿನ ತಿಂಗಳು ಫೆಲಿಕ್ಸನ ವಿಚಾರಣೆ. ಬೇಗ ಮುಗಿದರೆ ಸಾಕು. ಅವನು ಕೋರ್ಟಿನಲ್ಲಿ ನನ್ನ ಹೆಸರು ಹೇಳುತ್ತಾನಂತೆ. ಹೇಳಲಿ, ಅವನ ಮಾತು ಯಾರು ನಂಬುತ್ತಾರೆ? ಕಿಟಕಿ ಹಾಕಿದರೆ ಉಸಿರು ಕಟ್ಟುತ್ತದೆ, ತೆಗೆದರೆ ಕಾರ್ಖಾನೆಯ ಸದ್ದು.

ಎದೆಕ್

*

ಬಲೆಗಾರರ ಬೀದಿ, ಸ್ತಾರಾ ಕೋಸಾ
13 ಮೇ 2000

ಎದೆಕ್,

ಮೇಲಿನ ವಿಳಾಸ ನೋಡಿ ಬೆಚ್ಚಿಬೀಳಬೇಡ. ಈಸ್ಟರಿನಿಂದ ನಾನು ರೆಗೀನಾಳ ಮನೆಯಲ್ಲಿದ್ದೇನೆ. ಚಳಿಗಾಲದಲ್ಲಿ ಗ್ದಾನ್ಸ್ಕ್‌ನಲ್ಲಿ ಒಂದು ಆಪರೇಷನ್ ಆಯಿತು. ಗುಣವಾಗಿ ಎದ್ದ ಮೇಲೆ ನಿನ್ನ ಮನೆಗೆ ಬರಬೇಕೆಂದೇ ರೈಲು ಹತ್ತಿದ್ದು. ನಿಲ್ದಾಣದಲ್ಲಿ ರೆಗೀನಾ ಸಿಕ್ಕಳು. ಕ್ಲಾರಾಳ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ನೀನು ಹೆಸರು ಬರೆಯದೆ ಬಿಟ್ಟ ಒಬ್ಬಳು ಅವಳು, ರೆಗೀನಾಳ ತಂಗಿ. ಎರಡೂ ಕಣ್ಣು ಹೋಗಿವೆ. ಗಾಡಿಯಿಂದ ಇಳಿದವಳಿಗೆ ನಿನ್ನ ಮನೆಯ ದಾರಿ ಹಿಡಿಯಲಾಗಲಿಲ್ಲ.

ನಾನು ಮನೆ ಮನೆಗೆ ಹೋದೆ. ಬಾಗಿಲು ತೆಗೆದವರೆಲ್ಲ ನನ್ನ ಉಡುಪು ನೋಡಿ, ಮುಖ ನೋಡಿ, ಸೆನೆಟರರ ಅಕ್ಕ ವೋಟಿಗೆ ಬಂದಿದ್ದಾಳೆ ಅಂದುಕೊಂಡರು. ಒಬ್ಬಳು "ಸಿಸ್ಟರ್, ಬಟಾಣಿ ಸಾರು ಎಲ್ಲಿ?" ಅಂದಳು. ಇನ್ನೊಬ್ಬಳು ಗೋಡೆ ತೋರಿಸಿದಳು. ನನ್ನ ಅರ್ಧ ವಾಕ್ಯ ಅಲ್ಲಿ ನೇತಾಡುತ್ತಿತ್ತು. ಉಳಿದ ಅರ್ಧವನ್ನು ಬಾಯಲ್ಲೇ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅಳಲು ಶುರುಮಾಡಿದಳು.

ಅಂದು ಏನಾಯಿತು ಅಂತ ಆಗ ಗೊತ್ತಾಯಿತು. ಅವಳು ಹೇಳಿದ್ದನ್ನೇ ಬರೆಯುತ್ತೇನೆ: "ಆ ವಾರವೆಲ್ಲಾ ಗಂಟೆ ಆಗಾಗ ಹೊಡ್ಕೋತಿತ್ತು. ಟೀವಿಯವ್ರು ಬಂದಾಗ್ಲೂ ಹೊಡೀತು. ಎದ್ವಿನ್ ಅದನ್ನ ನಿಲ್ಸು ಅಂದ್ರು, ಫೆಲಿಕ್ಸ್ ಆಗಲ್ಲ ಅಂದ. ಅವ್ನನ್ನ ಹೂಗುಚ್ಛ ತರೋಕೆ ಅಂತ ಪೇಟೆಗೆ ಓಡ್ಸಿದ್ರು. ಆಮೇಲೆ ತಾವೇ ಪೆಟ್ಟಿಗೆ ಹತ್ತಿ, ಕುತ್ತಿಗೇಲಿದ್ದ ರೇಷ್ಮೆ ವಸ್ತ್ರ ತೆಗ್ದು ಗಂಟೆ ಬಾಯಿಗೆ ತುರುಕಿದ್ರು. 'ಇವತ್ತು ಇವ್ಳ ಬಾಯಿ ಕಟ್ಟಿರ್ಲಿ, ನಿಮ್ಮ ಬಾಯೇ ಸಾಕು' ಅಂದ್ರು. ನಾವೆಲ್ಲಾ ನಕ್ಕುಬಿಟ್ವಿ ಸಿಸ್ಟರ್. ಕ್ಲಾರಾನೂ ನಕ್ಕಳು."

ಎದೆಕ್, ಅವರು ಇಷ್ಟು ದಿನ ಬಾಯಿ ಬಿಡದಿದ್ದುದು ಕೆಲಸ ಹೋಗುತ್ತದೆ ಎಂದು ಮಾತ್ರವಲ್ಲ. ಅಂದು ನಕ್ಕೆವಲ್ಲ ಎನ್ನುವ ನಾಚಿಕೆಗೆ. ನಗುವ ಜನ ಕಲ್ಲು ಎಸೆಯುವುದಿಲ್ಲ ಎಂದು ನೀನೇ ಬರೆದಿದ್ದೆ. ಅಷ್ಟು ಚೆನ್ನಾಗಿ ನಿನಗೆ ಅವರು ಗೊತ್ತು.

ಈಗ ಮಾತಾಡಲು ಒಪ್ಪಿದ್ದಾರೆ, ಸಾಲಿನವರೆಲ್ಲ ಒಟ್ಟಿಗೆ. ಶುಕ್ರವಾರ ಕೋರ್ಟಿಗೆ ಹೋಗುತ್ತಾರೆ. ಬುಧವಾರ ನಿನ್ನ ಸೆನೆಟ್ ಸಭೆ ಇದೆ ಎಂದು ಪತ್ರಿಕೆಯಲ್ಲಿ ಓದಿದೆ. ಅವರಿಗಿಂತ ಮೊದಲು ನೀನೇ ಹೇಳಲು ದಾರಿ ಇದೆ. ಹೇಳು ಎಂದು ನಾನು ಕಾಲು ಹಿಡಿಯುವುದಿಲ್ಲ. ಫೆಲಿಕ್ಸನ ಹೆಂಡತಿ ನಿನ್ನ ಗೇಟಿನಲ್ಲಿ ಆ ಕೆಲಸ ಮಾಡಿ ನೋಡಿದಳಂತೆ, ಕಾವಲುಗಾರ ಒಳಗೆ ಬಿಡಲಿಲ್ಲ.

ನಾನು ಎರಡು ಬೀದಿ ಆಚೆ ಇದ್ದೇನೆ. ಬರುವುದಾದರೆ ಬಾ. ರೆಗೀನಾ ಬೈಯುತ್ತಾಳೆ, ಆದರೆ ಸೂಪು ಹಾಕುತ್ತಾಳೆ.

ಬ್ರಿಗಿದಾ

*

ಸ್ತಾರಾ ಕೋಸಾ
14 ಮೇ 2000
(ಚಾಲಕನ ಕೈಯಲ್ಲಿ)

ಸಿಸ್ಟರ್ ಬ್ರಿಗಿದಾ,

ಒಡಹುಟ್ಟಿದವಳು ಊರಿಗೆ ಬಂದು ವಾರಗಟ್ಟಲೆ ಬಚ್ಚಿಟ್ಟುಕೊಂಡು, ನನ್ನದೇ ಕೂಲಿಯವರನ್ನು ನನ್ನ ಮೇಲೆ ಎತ್ತಿಕಟ್ಟಿದಳು. ಇದನ್ನು ನನ್ನ ವಿರೋಧಿಗಳೂ ಮಾಡಿಲ್ಲ. ನಾನು ಮುಳುಗಿದರೆ ಕಾರ್ಖಾನೆ ಮುಳುಗುತ್ತದೆ, ಆ ಹೆಂಗಸರ ಒಲೆಯೂ ಆರುತ್ತದೆ. ಆಗ ನೀನು ಜಾಂಬಿಯಾದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿರುತ್ತೀಯ. ಅವರು ನನ್ನ ಬಾಗಿಲಿಗೇ ಬರುತ್ತಾರೆ, ನಿನ್ನ ಬಾಗಿಲಿಗಲ್ಲ.

ಒಂದು ಬಟ್ಟೆ. ಒಂದು ಚಿಕ್ಕ ಬಟ್ಟೆ, ಒಂದು ಗಂಟೆ ಹೊತ್ತಿಗೆ. ಟೀವಿಯವರು ಹೋದ ತಕ್ಷಣ ತೆಗೆಯುವವನಿದ್ದೆ. ಕೊಳವೆ ಅದೇ ಹೊತ್ತಿಗೆ ಒಡೆಯಬೇಕು ಅಂತ ನಾನು ಹೇಳಿದ್ದೆನಾ?

ಈ ಕಾಗದಕ್ಕೆ ಉತ್ತರ ಬೇಡ.

ಎದ್ವಿನ್ ಫೋರ್ಮೆಲಾ

*

ಚಿಸೆಂಗೆ
30 ಜುಲೈ 2000

ಎದೆಕ್,

ಉತ್ತರ ಬೇಡ ಅಂದಿದ್ದೆ. ಇದು ಉತ್ತರವಲ್ಲ.

ಬುಧವಾರ ನಾನು ವಿಮಾನದಲ್ಲಿದ್ದೆ. ಟಿಕೆಟ್ಟು ಮೊದಲೇ ಆಗಿತ್ತು. ನೀನು ಸೆನೆಟ್ಟಿನಲ್ಲಿ ಎದ್ದು ನಿಂತೆ, ರಕ್ಷಣೆ ಬಿಟ್ಟುಕೊಟ್ಟೆ, ಗಂಟೆಯ ಬಾಯಿ ಕಟ್ಟಿದವನು ನಾನೇ ಎಂದೆ ಎನ್ನುವುದೆಲ್ಲ ರೆಗೀನಾಳ ಪತ್ರದಿಂದ ತಿಳಿಯಿತು. ಟೆಲಿವಿಷನ್ನಿನಲ್ಲಿ ನೋಡಿದಳಂತೆ. ಫೆಲಿಕ್ಸ್ ಮನೆಗೆ ಬಂದನಂತೆ. ಶುಕ್ರವಾರ ಹೆಂಗಸರು ಕೋರ್ಟಿಗೆ ಹೋಗಿಯೇ ಹೋದರಂತೆ. "ಅವ್ನು ಹೇಳಿದ್ರೂ ನಾವು ಹೇಳಿದ್ವಿ, ನಮ್ಮ ಬಾಯಿಗೂ ಅದು ಬೇಕಿತ್ತು" ಎಂದು ಬರೆದಿದ್ದಾಳೆ. ಕಾರ್ಖಾನೆಯನ್ನು ಡೇನ್‌ಮಾರ್ಕಿನವರು ಕೊಂಡರಂತೆ, ಅರ್ಧ ಜನಕ್ಕೆ ಕೆಲಸ ಉಳಿಯಿತಂತೆ. ಉಳಿದರ್ಧದ ವಿಷಯ ಅವಳು ಬರೆದಿಲ್ಲ. ನೀನು ಹೇಳಿದ ಒಲೆಗಳು ನೆನಪಾಗುತ್ತಲೇ ಇರುತ್ತವೆ.

ಊರಲ್ಲಿ ಎರಡು ಮಾತಂತೆ. ಎದ್ವಿನ್ನಿಗೆ ದೇವರು ಬುದ್ಧಿ ಕೊಟ್ಟ ಎಂದು ಕೆಲವರು. ಇದೂ ಅವನ ನಾಟಕ, ಮುಂದಿನ ಚುನಾವಣೆಗೆ ಪೋಸ್ಟರು ಎಂದು ಕೆಲವರು. ನಾನು ಇಲ್ಲಿ ಸುಮ್ಮನೆ ತಿರುಗಾಡುತ್ತಿದ್ದೇನೆ. ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗಲೂ ಅದೇ ಪ್ರಶ್ನೆ. ನೀನು ಅದನ್ನು ಸತ್ಯಕ್ಕೆ ಹೇಳಿದೆಯೋ, ಚಪ್ಪಾಳೆಗೆ ಹೇಳಿದೆಯೋ?

ಯಾವುದಾದರೂ ಸರಿ, ಫೆಲಿಕ್ಸ್ ಮನೆಯಲ್ಲಿದ್ದಾನೆ. ಆದರೂ ಕೇಳುತ್ತಿದ್ದೇನೆ.

ಬ್ರಿಗಿದಾ

*

ಚಿಸೆಂಗೆ
16 ಡಿಸೆಂಬರ್ 2001

ಎದೆಕ್,

ನಿನಗೆ ಶಿಕ್ಷೆಯಾಯಿತೆಂದು ತಿಳಿಯಿತು. ಜೈಲಿನ ವಿಳಾಸವನ್ನು ಇಲೋನಾ ಕೊಟ್ಟಳು. ನಾನು ಕೇಳಲಿಲ್ಲ, ಅವಳೇ ಕಳಿಸಿದಳು.

ಕ್ರಿಸ್ಮಸ್ ರೊಟ್ಟಿಯ ತುಣುಕು ಇದರೊಳಗೆ ಇಟ್ಟಿದ್ದೇನೆ. ಪುಡಿಯಾಗಿದ್ದರೂ ತಿನ್ನು.

ಬ್ರಿಗಿದಾ

*

3 ಫೆಬ್ರವರಿ 2002

ಪ್ರೀತಿಯ ಅಕ್ಕ,

ರೊಟ್ಟಿ ಪುಡಿಯಾಗಿತ್ತು. ಕೋಣೆಯವರೊಡನೆ ಹಂಚಿಕೊಂಡೆ. (ನೋಡು, ಇದನ್ನೂ ಹೇಳಿಬಿಟ್ಟೆ.)

ಮೊದಲು ಒಂದು ಪ್ರಶ್ನೆ. ಆಪರೇಷನ್ ಯಾತಕ್ಕೆ ಆಗಿತ್ತು? ಅಂದು ನಿನ್ನ ಕಾಗದವನ್ನು ಎಷ್ಟು ಸಲ ಓದಿದರೂ ಆ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಲ್ಲಿ ಬಂದು ಮತ್ತೆ ಓದಿದಾಗ ಕಂಡಿತು. ಈಗ ಹೇಗಿದ್ದೀಯ? ಚೆನ್ನಾಗಿದ್ದೇನೆ ಅಂತ ಮಾತ್ರ ಬರೆಯಬೇಡ.

ಕೋರ್ಟಿನ ಪಡಸಾಲೆಯಲ್ಲಿ ಫೆಲಿಕ್ಸ್ ಎದುರಾದ. ಕೈ ಚಾಚಿದೆ. ಅವನು ಕೈ ಹಿಡಿಯಲಿಲ್ಲ, ಬೈಯಲೂ ಇಲ್ಲ. "ಒಂದು ತಿಂಗ್ಳು ಮುಂಚೆ ಹೇಳಿದ್ರೆ ಈಸ್ಟರ್ ಮನೇಲಿ ಆಗ್ತಿತ್ತು ಕಣೋ, ಮಗಳು ಮೊಟ್ಟೆಗೆಲ್ಲಾ ಬಣ್ಣ ಬಳಿದು ಇಟ್ಟಿದ್ಳು" ಅಂದು ಹೋದ. ಕ್ಲಾರಾ ಬೆಂಚಿನ ಮೇಲೆ ಕೂತಿದ್ದಳು. ಅವಳ ಮುಂದೆ ಹಾದು ಹೋಗಬೇಕಿತ್ತು. ಸದ್ದಾಗದ ಹಾಗೆ ಹೆಜ್ಜೆ ಇಟ್ಟೆ. ಅದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಈಗ ಉತ್ತರ. ತಡವಾಯಿತು, ಏಕೆಂದರೆ ನಿನಗೆ ಇಷ್ಟವಾಗುವ ಉತ್ತರ ಹುಡುಕುತ್ತಿದ್ದೆ. ಸಿಗಲಿಲ್ಲ.

ಚಪ್ಪಾಳೆಗೇ ಹೇಳಿದ್ದು ಅಕ್ಕ. ಸೋಮವಾರ, ಮಂಗಳವಾರ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಹೆಂಗಸರು ಶುಕ್ರವಾರ ಹೇಳುವುದಂತೂ ಖಂಡಿತ. ಅದಕ್ಕೆ ಮೊದಲು ನಾನೇ ಹೇಳಿದರೆ ವೀರನಾಗುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಗದ್ಗದವಾಗಬೇಕು, ಎಲ್ಲಿ ಜನ ಎದ್ದು ನಿಲ್ಲುತ್ತಾರೆ, ಎಲ್ಲವೂ ಸಿದ್ಧವಿತ್ತು. "ಯಂತ್ರ ಹಳೆಯದು, ಹೊಣೆ ನನ್ನದು, ನಾಯಕ ಓಡಿಹೋಗುವುದಿಲ್ಲ", ಅಷ್ಟೇ ಹೇಳುವುದು ಅಂತಿದ್ದೆ. ಬಟ್ಟೆಯ ಮಾತೇ ಅದರಲ್ಲಿ ಇರಲಿಲ್ಲ.

ಎದ್ದೆ. ಹೇಳಿದೆ. ಗದ್ಗದನಾಗಬೇಕಾದಲ್ಲಿ ಆದೆ. ನಿಲ್ಲಿಸಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಪತ್ರಿಕೆ ಮಡಚಿದ. ಒಬ್ಬ ಕನ್ನಡಕ ಒರೆಸಿಕೊಂಡ. ನನ್ನ ಪಕ್ಷದವನೇ ಕೈಸನ್ನೆ ಮಾಡಿದ, ಸಾಕು ಕೂತುಕೋ ಅಂತ. ಅಲ್ಲಿಂದ ಹೇಗೆ ಹೊರಬರಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು ಅಕ್ಕ. ಒಂದು ಜೋಕು ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಸಂತೆಯಲ್ಲಿ, ದೋಣಿಯಲ್ಲಿ, ಪೆಟ್ಟಿಗೆಯ ಮೇಲೆ, ಎಲ್ಲಾ ಕಡೆ ಅದೇ ನನ್ನನ್ನು ದಡ ಸೇರಿಸಿದ್ದು.

ನಾನು ಜೋಕು ಹೇಳಲಿಲ್ಲ. ಆ ಮೌನದಲ್ಲೇ ರೇಷ್ಮೆ ವಸ್ತ್ರದ ವಿಷಯ ಹೇಳಿದೆ, ಫೆಲಿಕ್ಸನನ್ನು ಹೂವಿಗೆ ಓಡಿಸಿದ್ದು ಹೇಳಿದೆ, ಕ್ಲಾರಾಳ ಹೆಸರು ಹೇಳಿದೆ, ಅವಳು ನಕ್ಕದ್ದನ್ನೂ ಹೇಳಿದೆ. ಹೇಳಿದಷ್ಟೂ ನಾನು ಮುಳುಗುತ್ತಿದ್ದೇನೆ ಅಂತ ಕಣ್ಣಿಗೆ ಕಾಣುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನಿನಗೆ ತಿಳಿದರೆ ಬರೆ.

ನಿನ್ನ
ಎದೆಕ್